ಪರದೆಯ ಕೆಳಗಿನ ಎರಡು ಸಾಲು

ಕೊಪ್ಪಳದ ಟಾಕೀಸಿನಲ್ಲಿ ಇರಾನಿನದೋ ಜಪಾನಿನದೋ ಒಂದು ಸಿನಿಮಾ ತೋರಿಸಬೇಕು ಅಂತ ಹೊರಟರೆ ಮೊದಲು ಹತ್ತಬೇಕಾದದ್ದು ಕ್ಯಾಬಿನ್ನಿನ ಮೆಟ್ಟಿಲು. ಯಾವ ಸಿನಿಮಾ, ಎಷ್ಟು ಟಿಕೆಟ್ಟು, ಉದ್ಘಾಟನೆಗೆ ಯಾರು ಎನ್ನುವುದರಲ್ಲೇ ಎರಡು ವಾರ ಕಳೆದು, ಕೊನೆಗೆ ಆಪರೇಟರ್ ಮುಂದೆ ಹಾರ್ಡ್‌ಡಿಸ್ಕ್ ಇಟ್ಟರೆ ಅವರು ಒಂದೇ ಮಾತಿನಲ್ಲಿ ಮುಗಿಸುತ್ತಾರೆ: ‘ಇದು ನಮ್ ಮಷೀನಿಗೆ ಹತ್ತಂಗಿಲ್ರಿ.’

ಒಂಟಿ ಪರದೆಯ ಟಾಕೀಸುಗಳಲ್ಲಿ ಎರಡು ಬಗೆಯ ಯಂತ್ರಗಳಿವೆ. ಡಿ-ಸಿನಿಮಾ ಪ್ರೊಜೆಕ್ಟರ್ ಆದರೆ ಡಿಸಿಪಿ, ಅಂದರೆ ಟಾಕೀಸಿಗೆಂದೇ ಮಾಡಿದ ಡಿಜಿಟಲ್ ಪ್ರತಿ, ಓದುತ್ತದೆ. ಪರದೇಶದ ವಿತರಕರು ಕಳಿಸುವುದೂ ಅದನ್ನೇ. ಇ-ಸಿನಿಮಾ ಯಂತ್ರವಾದರೆ ಉಪಗ್ರಹದಿಂದಲೋ ಡಿಸ್ಕಿನಿಂದಲೋ ಬಂದ, ಸೇವೆ ಕೊಡುವ ಕಂಪನಿಯದೇ ಬೀಗವಿರುವ ಫೈಲನ್ನಷ್ಟೇ ಓಡಿಸುತ್ತದೆ. ಅಂಥ ಕಡೆ ಎರಡು ದಾರಿ. ಕಂಪನಿಯ ಲ್ಯಾಬಿಗೆ ಸಿನಿಮಾ ಕಳಿಸಿ ಅವರ ನಮೂನೆಗೆ ಬದಲಿಸಿಕೊಳ್ಳುವುದು ಒಂದು. ಅದಕ್ಕೆ ದುಡ್ಡೂ ಬೇಕು, ದಿನವೂ ಬೇಕು. ಪ್ರೊಜೆಕ್ಟರಿನ ಹಿಂದಿರುವ ಎಚ್‌ಡಿಎಂಐ ಅಥವಾ ಡಿವಿಐ ಕಿಂಡಿಗೆ ಲ್ಯಾಪ್‌ಟಾಪ್ ಸಿಕ್ಕಿಸುವುದು ಇನ್ನೊಂದು. ಎರಡನೆಯದು ಸುಲಭ ಅನ್ನಿಸುತ್ತದೆ. ಆದರೆ ಪ್ರೊಜೆಕ್ಟರ್ ಟಾಕೀಸಿನ ಸ್ವಂತದ್ದೋ ಕಂಪನಿ ಬಾಡಿಗೆಗೆ ಕೊಟ್ಟದ್ದೋ ಮಾಲೀಕರನ್ನು ಕೇಳಿಯೇ ಕೈ ಹಾಕಬೇಕು. ಬಾಡಿಗೆಯದಾದರೆ ಕಂಪನಿಯ ಒಪ್ಪಿಗೆ ಬರಹದಲ್ಲಿರಲಿ. ಲ್ಯಾಪ್‌ಟಾಪಿನ ಶಬ್ದವನ್ನು ಸಾಮಾನ್ಯವಾಗಿ ಇಂಟರ್‌ವಲ್ ಹಾಡಿನ ‘ನಾನ್-ಸಿಂಕ್’ ಕಿಂಡಿಗೆ ಕೊಡುತ್ತಾರೆ. ಅದು ಎಡ-ಬಲ ಎರಡೇ ಸ್ಪೀಕರಿಗೆ ಹೋಗುವಂತೆ ಇಟ್ಟಿರುವುದು ಹೆಚ್ಚು. ಐದು ದಾರಿಯ ಶಬ್ದವಿರುವ ಸಿನಿಮಾವನ್ನು ಹಾಗೇ ಕೊಟ್ಟರೆ ನಡುವಿನ ಸ್ಪೀಕರಿಗೆ ಮೀಸಲಾದ ಮಾತೆಲ್ಲ ಮಾಯವಾಗಿ, ಬರೀ ಮಳೆ, ಗಾಳಿ, ಸಂಗೀತ ಕೇಳುತ್ತವೆ. ಮೊದಲೇ ಎರಡು ದಾರಿಗೆ ಇಳಿಸಿದ ಪ್ರತಿ ಮಾಡಿಟ್ಟುಕೊಂಡರೆ ಈ ತಾಪತ್ರಯವಿಲ್ಲ.

ಹಕ್ಕು ಮತ್ತು ಪರವಾನಗಿಯ ಮಾತನ್ನು ಬೇಗ ಮುಗಿಸುತ್ತೇವೆ, ಯಾಕೆಂದರೆ ಇಲ್ಲಿ ಅಡ್ಡದಾರಿ ಇಲ್ಲ. ಅಂಗಡಿಯಲ್ಲಿ ಕೊಂಡ ಡಿಸ್ಕು ಮನೆಯಲ್ಲಿ ನೋಡಲಿಕ್ಕೆ. ಟಾಕೀಸಿನಲ್ಲಿ ತೋರಿಸಲು ಹಕ್ಕುದಾರರ ಒಪ್ಪಿಗೆ ಬೇರೆಯೇ ಬೇಕು. ಪರದೆಯ ಕೆಳಗೆ ಕನ್ನಡದ ಸಾಲು (ಸಬ್‌ಟೈಟಲ್) ಸೇರಿಸುವುದೂ ಅನುವಾದವೇ, ಅದಕ್ಕೂ ಅದೇ ಪತ್ರದಲ್ಲಿ ಒಪ್ಪಿಗೆ ಬರೆಸಿಕೊಳ್ಳಿ. 1952ರ ಸಿನಿಮಾಟೋಗ್ರಾಫ್ ಕಾಯ್ದೆಯ ಪ್ರಕಾರ ಸಾರ್ವಜನಿಕ ಪ್ರದರ್ಶನಕ್ಕೆ ಸೆನ್ಸಾರ್ ಪ್ರಮಾಣಪತ್ರ ಬೇಕು. ಇಲ್ಲದಿದ್ದರೆ ಚಿತ್ರೋತ್ಸವವೆಂದು ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯದಿಂದ ವಿನಾಯಿತಿ ಪಡೆಯಬೇಕು. ಫಿಲಂ ಸೊಸೈಟಿಯ ಸದಸ್ಯರಿಗೆ ಮಾತ್ರ ಅಂದಾಕ್ಷಣ ವಿನಾಯಿತಿ ತಾನಾಗಿ ಬಂದಂತಲ್ಲ. ಟಾಕೀಸಿನ ಲೈಸೆನ್ಸ್ ಇರುವುದು ಜಿಲ್ಲಾಧಿಕಾರಿಗಳ ಕೈಯಲ್ಲಿ. ಮಾಲೀಕರು ಹಿಂದೆ ಮುಂದೆ ನೋಡಿದರೆ ಅದು ನ್ಯಾಯವೇ. ಪ್ರಮಾಣಪತ್ರವಾದ ಪ್ರತಿಗೆ ಹೊಸ ಸಾಲು ಸೇರಿಸುವ ಮುನ್ನ ಸೆನ್ಸಾರ್ ಮಂಡಳಿಯ ಬೆಂಗಳೂರಿನ ಪ್ರಾದೇಶಿಕ ಕಚೇರಿಯಲ್ಲಿ ಒಮ್ಮೆ ಕೇಳಿಕೊಳ್ಳುವುದು ಕ್ಷೇಮ. ಜರ್ಮನ್ ಸಿನಿಮಾಕ್ಕೆ ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನ, ಫ್ರೆಂಚಿನದಕ್ಕೆ ಅಲಿಯಾನ್ಸ್ ಫ್ರಾನ್ಸೇಸ್, ಜಪಾನಿನದಕ್ಕೆ ದೆಹಲಿಯ ಜಪಾನ್ ಫೌಂಡೇಶನ್ ಮೊದಲು ತಟ್ಟಬೇಕಾದ ಬಾಗಿಲುಗಳು. ಟಿಕೆಟ್ಟನ್ನು 100 ರೂಪಾಯಿ ದಾಟಿಸಬೇಡಿ: 2025ರ ಸೆಪ್ಟೆಂಬರ್ 22ರಿಂದ 100ರವರೆಗಿನ ಟಿಕೆಟ್ಟಿಗೆ ಜಿಎಸ್‌ಟಿ ಶೇ. 5, ದಾಟಿದರೆ ಶೇ. 18.

ಇನ್ನು ಡಿಸ್ಕು. ಎರಡು ತಾಸಿನ ಸಿನಿಮಾದ ಡಿಸಿಪಿ ಸಾಮಾನ್ಯವಾಗಿ 100ರಿಂದ 200 ಜಿಬಿ ತೂಗುತ್ತದೆ. ಸೆಕೆಂಡಿಗೆ 250 ಮೆಗಾಬಿಟ್ ಎನ್ನುವುದು ಮೇಲ್ಮಿತಿಯಾದ್ದರಿಂದ ಎರಡು ತಾಸಿಗೆ 225 ಜಿಬಿ ಚಿತ್ರದ ಗರಿಷ್ಠ ಗಾತ್ರ. ಸಿನಿಮಾ ಇಳಿಸಿಕೊಂಡು ಪ್ರೊಜೆಕ್ಟರಿಗೆ ಕೊಡುವ ಯಂತ್ರವೇ ಸರ್ವರ್; ಹಳೆಯ ಸರ್ವರಿನ ಯುಎಸ್‌ಬಿ 2 ಕಿಂಡಿಯಲ್ಲಿ ಸೆಕೆಂಡಿಗೆ 30 ಎಂಬಿ ಇಳಿದರೆ ಹೆಚ್ಚು. 150 ಜಿಬಿ ಇಳಿಯಲು ಒಂದೂಕಾಲು ತಾಸು ದಾಟುತ್ತದೆ. ಕೆಲವು ಸರ್ವರುಗಳು ಆಟ ನಡೆಯುವಾಗ ಇಳಿಸಿಕೊಳ್ಳುವುದನ್ನು ನಿಲ್ಲಿಸುತ್ತವೆ ಅಥವಾ ನಿಧಾನಿಸುತ್ತವೆ. ಹಾಗಾಗಿ ಹಿಂದಿನ ರಾತ್ರಿ ಸೆಕೆಂಡ್ ಶೋ ಬಿಟ್ಟ ಮೇಲೆ ಈ ಕೆಲಸ.

ಡಿಸ್ಕು ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದಿಳಿದ ತಕ್ಷಣ ಉತ್ಸಾಹಿಯೊಬ್ಬರು ಅದನ್ನು ವಿಂಡೋಸ್ ಲ್ಯಾಪ್‌ಟಾಪಿಗೆ ಸಿಕ್ಕಿಸಿ ‘ಒಳಗ ಏನೈತಿ ನೋಡೂಣು’ ಅನ್ನುತ್ತಾರೆ. ಈ ಡಿಸ್ಕುಗಳು ಸಾಮಾನ್ಯವಾಗಿ ಲಿನಕ್ಸಿನ ಇಎಕ್ಸ್‌ಟಿ ನಮೂನೆಯಲ್ಲಿರುತ್ತವೆ. ವಿಂಡೋಸಿಗೆ ಅದು ಗೊತ್ತಾಗದೆ, ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ ಅಂತ ಕೇಳುತ್ತದೆ. ಹೂಂ ಅಂದರೆ ಸಿನಿಮಾ ಹೋಯಿತು. ಡಿಸ್ಕಿನ ಮೇಲೆ ‘ಟಾಕೀಸ್ ಸರ್ವರಿಗೆ ಮಾತ್ರ’ ಅಂತ ಕನ್ನಡದಲ್ಲಿ ಬರೆದ ಪಟ್ಟಿ ಅಂಟಿಸುವುದು ಐದು ರೂಪಾಯಿಯ ವಿಮೆ.

ಬೀಗವಿರುವ ಡಿಸಿಪಿಯಾದರೆ ಕೀಲಿ ಬೇರೆ ಬರುತ್ತದೆ, ಕೆಡಿಎಂ ಅಂತ. ಮಿಂಚಂಚೆಯಲ್ಲಿ ಬರುವ ಪುಟ್ಟ ಫೈಲು. ಅದು ಆ ಒಂದು ಸರ್ವರಿಗೆ, ಆ ಒಂದು ಅವಧಿಗೆ ಮಾತ್ರ ಕೆಲಸ ಮಾಡುತ್ತದೆ. ಹೋದ ತಿಂಗಳು ಸರ್ವರ್ ಕೆಟ್ಟು ಒಳಗಿನ ಬೋರ್ಡ್ ಬದಲಾಗಿದ್ದರೆ, ಸರ್ವರಿನ ಹಳೆಯ ನಂಬರಿಗೆ ಮಾಡಿದ ಕೀಲಿ ತೆರೆಯುವುದಿಲ್ಲ; ನಂಬರನ್ನು ಫೋನಿನಲ್ಲಿ ಹೇಳಿಸಿಕೊಳ್ಳದೆ ಸರ್ವರಿನ ಪರದೆಯ ಫೋಟೊ ತೆಗೆದು ಕಳಿಸಿ. ಎಲ್ಲಕ್ಕಿಂತ ಮೋಸ ಮಾಡುವುದು ಗಡಿಯಾರ. ಚಳಿಗಾಲದಲ್ಲಿ ಪ್ಯಾರಿಸ್, ಬರ್ಲಿನ್ ನಮಗಿಂತ ನಾಲ್ಕೂವರೆ ತಾಸು ಹಿಂದೆ. ಅಲ್ಲಿನವರು ‘ಭಾನುವಾರ ಬೆಳಗ್ಗೆ 10ರಿಂದ’ ಅಂತ ತಮ್ಮ ಗಡಿಯಾರದಲ್ಲಿ ಬರೆದರೆ ಇಲ್ಲಿ ಕೀಲಿ ತೆರೆಯುವುದು ಮಧ್ಯಾಹ್ನ ಎರಡೂವರೆಗೆ. ಮುಂಜಾನೆ ಎಂಟೂವರೆಯ ನಮ್ಮ ಆಟಕ್ಕೆ ಬಂದು ಕೂತವರಿಗೆ ಏನು ಹೇಳುತ್ತೀರಿ? ಭಾರತದ ಸಮಯ ಅಂತ ಸ್ಪಷ್ಟವಾಗಿ ಬರೆದು, ಅವಧಿ ಶುಕ್ರವಾರವೇ ಶುರುವಾಗಲಿ ಅಂತ ಕೇಳಿ. ಕೀಲಿ ಇಲ್ಲದೆ ಸಿನಿಮಾ ಇಳಿಸಿಕೊಳ್ಳಬಹುದು, ಓಡಿಸಿ ಪರೀಕ್ಷಿಸಲಾಗದು.

ಇಷ್ಟೂ ಯಂತ್ರದ ಮಾತು. ಆದರೆ ಈ ಭಾಗದಲ್ಲಿ ಆಟ ಗೆಲ್ಲುವುದೂ ಬೀಳುವುದೂ ಪರದೆಯ ಕೆಳಗಿನ ಎರಡು ಸಾಲಿನಲ್ಲಿ. ಗಂಗಾವತಿ, ಕಾರಟಗಿ ಕಡೆಯವರು ತೆಲುಗು ಸಿನಿಮಾವನ್ನು ಸಬ್‌ಟೈಟಲ್ ಇಲ್ಲದೆ ನೋಡಿ ಸೀಟಿ ಹೊಡೆಯುವವರು. ಟಾಕೀಸಿನಲ್ಲಿ ಕೂತು ಓದುವ ರೂಢಿ ಅವರಿಗಿಲ್ಲ. ಇಂಗ್ಲಿಷ್ ಸಾಲಿನೊಂದಿಗೆ ತೋರಿಸಿದರೆ ಕಾಲೇಜು ಮೇಷ್ಟ್ರುಗಳು ಮುಂದಿನ ಸಲವೂ ಬರುತ್ತಾರೆ, ಉಳಿದವರು ಬರುವುದಿಲ್ಲ. ಕನ್ನಡದಲ್ಲೇ ಬೇಕು.

ಎರಡು ತಾಸಿನ ಸಿನಿಮಾದಲ್ಲಿ ಹೆಚ್ಚುಕಮ್ಮಿ ಸಾವಿರ ಸಬ್‌ಟೈಟಲ್ ಇರುತ್ತವೆ. ವಿತರಕರಿಂದ ಸಾಲು, ಸಮಯ ಎರಡೂ ಇರುವ ಇಂಗ್ಲಿಷ್ ಎಸ್‌ಆರ್‌ಟಿ ಫೈಲ್ ತರಿಸಿ ಕನ್ನಡಕ್ಕೆ ತಂದರಾಯಿತು ಅನ್ನಿಸುತ್ತದೆ. ಮೊದಲ ತೊಡಕು ಸಮಯದ್ದು. ಯುರೋಪಿನ ಟಿವಿಗೆ ಮಾಡಿದ ಸಾಲುಗಳು ಸೆಕೆಂಡಿಗೆ 25 ಚೌಕಟ್ಟಿನ (ಫ್ರೇಮ್) ಲೆಕ್ಕದವು, ಟಾಕೀಸಿನ ಪ್ರತಿ 24ರದ್ದು. ನಿಮಿಷಕ್ಕೆ 2.4 ಸೆಕೆಂಡು ಸರಿಯುತ್ತದೆ. ಹತ್ತನೇ ನಿಮಿಷಕ್ಕೆ ಯಾರು ಯಾರಿಗೆ ಏನು ಹೇಳುತ್ತಿದ್ದಾರೆ ತಿಳಿಯದು. ಮೊದಲ ಮತ್ತು ಕೊನೆಯ ಮಾತನ್ನು ಹೊಂದಿಸಿ ನೋಡಿದರೆ ಇದು ಕೂಡಲೇ ಸಿಕ್ಕಿಬೀಳುತ್ತದೆ. 23.976ರ ಪ್ರತಿಯದಾದರೆ ಎರಡು ತಾಸಿಗೆ ಏಳು ಸೆಕೆಂಡು ಮಾತ್ರ ಸರಿಯುತ್ತದೆ. ಅದು ಶುರುವಿನಲ್ಲಿ ಕಾಣದೆ ಕೊನೆಯ ರೀಲಿನಲ್ಲಿ ಕೈ ಕೊಡುವುದರಿಂದ ಇನ್ನೂ ಅಪಾಯ.

ಎರಡನೆಯದು ಇಂಗ್ಲಿಷ್ ಬಚ್ಚಿಡುವ ಸಂಬಂಧ. ಇಂಗ್ಲಿಷಿನ ‘ಯೂ’ ನಮ್ಮಲ್ಲಿ ನೀನೋ ನೀವೋ ಆಗಲೇಬೇಕು. ‘ಬ್ರದರ್’ ಅಣ್ಣನೋ ತಮ್ಮನೋ, ‘ಅಂಕಲ್’ ಕಾಕಾನೋ ಮಾಮಾನೋ ದೊಡ್ಡಪ್ಪನೋ? ಬರೀ ಫೈಲ್ ನೋಡಿ ಅನುವಾದ ಮಾಡಿದರೆ ಮಗ ಅಪ್ಪನನ್ನು ಒಂದು ದೃಶ್ಯದಲ್ಲಿ ನೀನು ಅಂದು, ಮುಂದಿನ ದೃಶ್ಯದಲ್ಲಿ ನೀವು ಅಂದುಬಿಡುತ್ತಾನೆ. ಉತ್ತರ ಸಿನಿಮಾದ ಶಬ್ದದಲ್ಲೇ ಇರುತ್ತದೆ. ಫ್ರೆಂಚ್ ಬಾರದಿದ್ದರೂ ‘ತ್ಯು’ (ನೀನು) ಮತ್ತು ‘ವು’ (ನೀವು) ಕಿವಿಗೆ ಬೇರೆ ಬೇರೆ ಬೀಳುತ್ತವೆ. ಜಪಾನಿಯಲ್ಲಿ ‘ನೀಸಾನ್’ ಕೇಳಿದರೆ ಅಣ್ಣ. ಅನುವಾದಕ್ಕೆ ಕೂರುವ ಮೊದಲು ಪೂರ್ತಿ ಸಿನಿಮಾ ನೋಡಿ, ಯಾರು ಯಾರಿಗೆ ಏನಾಗಬೇಕು, ಯಾರು ಯಾರನ್ನು ಹೇಗೆ ಕರೆಯುತ್ತಾರೆ ಎಂದು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಬೇಕು. ಹಾಗೆ ಬರೆಯುವಾಗಲೇ, ಪಾತ್ರಗಳು ಹಠಾತ್ತನೆ ವು ಬಿಟ್ಟು ತ್ಯುಗೆ ಇಳಿಯುವ ಕ್ಷಣ ಸಿಗುತ್ತದೆ. ಇಂಗ್ಲಿಷ್ ಸಾಲಿನಲ್ಲಿ ಆ ಕ್ಷಣ ಇರುವುದೇ ಇಲ್ಲ, ಕನ್ನಡದಲ್ಲಿ ಸಲೀಸಾಗಿ ಕೂರುತ್ತದೆ. ಈ ಕೆಲಸದ ನಿಜವಾದ ಸುಖ ಇಂಥಲ್ಲಿ.

ನಮ್ಮ ಕ್ರಿಯಾಪದ ಕೊನೆಗೆ ಬರುತ್ತದೆ ಎನ್ನುವುದೂ ಸಣ್ಣ ವಿಷಯವಲ್ಲ. ಒಂದೇ ವಾಕ್ಯ ಎರಡು ಸಬ್‌ಟೈಟಲಿಗೆ ಒಡೆದಿದ್ದು, ಇಂಗ್ಲಿಷಿನಲ್ಲಿ ‘ನಾನು ಬರಲ್ಲ’ ಎನ್ನುವುದು ಮೊದಲು, ‘ಅವನಿದ್ದರೆ’ ಎನ್ನುವುದು ಆಮೇಲೆ ಇದೆ ಅಂದುಕೊಳ್ಳಿ. ಕನ್ನಡದ ಸಹಜ ಕ್ರಮದಲ್ಲಿ ಇಟ್ಟರೆ ನಟಿ ತಲೆ ಅಲ್ಲಾಡಿಸುವಾಗ ‘ಅವನಿದ್ದರೆ’ ಅಂತಲೂ, ಬಾಗಿಲಾಚೆ ಕೈ ತೋರಿಸುವಾಗ ‘ನಾನು ಬರಲ್ಲ’ ಅಂತಲೂ ಬರುತ್ತದೆ. ಅದಕ್ಕಿಂತ ‘ನಾ ಬರಲ್ಲ.’ ‘ಅವನಿರೋ ಕಡೆ.’ ಎಂದು ಎರಡು ತುಂಡು ಮಾಡುವುದು ಮೇಲು. ಮಾತಾಡುವಾಗ ನಾವೂ ಹಾಗೇ ಹೇಳುತ್ತೇವೆ.

ಯಾವ ಕನ್ನಡ ಎನ್ನುವ ಜಗಳ ಪ್ರತಿ ಸಲ ಆಗುತ್ತದೆ, ಆಗಲಿ. ಹಳ್ಳಿಯ ಪಾತ್ರಗಳಿಗೆಲ್ಲ ಕೊಪ್ಪಳದ ‘ಹೌದಲೇ’, ‘ಬಾರಪಾ’ ಹಚ್ಚಿದರೆ ಮೊದಲ ಹತ್ತು ನಿಮಿಷ ನಗು ಬರುತ್ತದೆ, ಆಮೇಲೆ ಸಾವಿನ ದೃಶ್ಯದಲ್ಲೂ ನಗುತ್ತಾರೆ. ಪುಸ್ತಕದ ಕನ್ನಡವಾದರೆ ಸಾಲು ಉದ್ದವಾಗಿ ಓದಿ ಮುಗಿಯುವುದಿಲ್ಲ. ಚಿಕ್ಕ ಆಡುಮಾತು, ಯಾವ ಊರಿನದೂ ಅನ್ನಿಸದಂಥದ್ದು, ಇದ್ದುದರಲ್ಲಿ ಸರಿ. ಇದೇ ಜಿಲ್ಲೆಯ ಯರೇಹಂಚಿನಾಳದ ಹೆಣ್ಣುಮಗಳ ಕಥೆಯ ‘ಶಿವಮ್ಮ’ 2022ರಲ್ಲಿ ಬೂಸಾನ್ ಚಿತ್ರೋತ್ಸವದ ನ್ಯೂ ಕರೆಂಟ್ಸ್ ಪ್ರಶಸ್ತಿ ಪಡೆದಾಗ ಅಲ್ಲಿನವರೂ ನಮ್ಮ ಮಾತನ್ನು ಸಬ್‌ಟೈಟಲಿನಲ್ಲೇ ಓದಿಕೊಂಡದ್ದು. ಯರೇಹಂಚಿನಾಳದ ಧಾಟಿ ಸಾಲಿಗೆ ಇಳಿಯದಿದ್ದರೂ ಸಿನಿಮಾ ಮುಟ್ಟಿತು.

ಅಳತೆ ಹೀಗಿಟ್ಟುಕೊಂಡಿದ್ದೇವೆ: ಒಂದು ಸಾಲಿಗೆ 20 ಅಕ್ಷರ, ಹೆಚ್ಚೆಂದರೆ 22. ಒಟ್ಟು ಎರಡೇ ಸಾಲು. ಸೆಕೆಂಡಿಗೆ 8 ಅಕ್ಷರ. ಒತ್ತಕ್ಷರವನ್ನೂ ಸೇರಿಸಿ ಒಂದು ಅಕ್ಷರವೆಂದೇ ಲೆಕ್ಕ. ಎರಡು ತುಂಬಿದ ಸಾಲಿಗೆ ಐದು ಸೆಕೆಂಡು ಬೇಕು. ಅಷ್ಟು ಸಮಯವಿಲ್ಲದಿದ್ದರೆ ಮಾತು ಕತ್ತರಿಸಬೇಕು, ಅಕ್ಷರ ಚಿಕ್ಕದು ಮಾಡಬಾರದು. ಫೈಲ್ ಮುಗಿದ ಮೇಲೆ ನಿಧಾನವಾಗಿ ಓದುವ ಒಬ್ಬರನ್ನು ಕೂರಿಸಿ ತೋರಿಸಿ. ಗೇಟ್‌ಕೀಪರ್ ಆದರೆ ಉತ್ತಮ. ಓದಿ ಮುಗಿಯದೆ ಹೋದ ಕಡೆ ಅವರು ಕೈ ಎತ್ತಲಿ, ಆ ನಿಮಿಷ ಬರೆದುಕೊಳ್ಳಿ.

ಅನುವಾದಕರು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿ ಕಳಿಸಿದರೆ ಪರದೆಯ ಮೇಲೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಕ್ಕೆ ಬೊಟ್ಟು, ಗೀಟು ಇಟ್ಟಂಥ ಕಲಬೆರಕೆ ಬರುತ್ತದೆ. ಯೂನಿಕೋಡಿಗೆ ಬದಲಿಸಿ, ಯುಟಿಎಫ್-8 ಎಂದು ಉಳಿಸಿಕೊಳ್ಳಬೇಕು. ಅದಾದ ಮೇಲೆ ಒತ್ತಕ್ಷರದ ಕಥೆ. ಡಿಸಿಪಿಯಲ್ಲಿ ಸಬ್‌ಟೈಟಲನ್ನು ಬರೀ ಪಠ್ಯವಾಗಿ ಬೇರೆ ಇಡುವ ಸೌಲಭ್ಯವಿದೆ. ಸರ್ವರು ಓಡಿಸುವಾಗ ಅದನ್ನು ಪರದೆಯ ಮೇಲೆ ಬರೆಯುತ್ತದೆ. ಇಂಗ್ಲಿಷಿಗೆ ಇದು ಚೆನ್ನ. ಆದರೆ ಹಲವು ಸರ್ವರುಗಳಿಗೆ ಅಕ್ಷರ ಕೂಡಿಸಲು ಬರುವುದಿಲ್ಲ. ‘ಅಮ್ಮ’ ಹೋಗಿ ‘ಅಮ್‌ಮ’ ಆಗುತ್ತದೆ. ‘ಕಷ್ಟ’ ಹೋಗಿ ‘ಕಷ್‌ಟ’. ‘ರಾಷ್ಟ್ರ’ ಬಂದರಂತೂ ‘ರಾಷ್‌ಟ್‌ರ’ ಎಂದು ಮೂರು ತುಂಡಾಗಿ ನಿಲ್ಲುತ್ತದೆ. ಲ್ಯಾಪ್‌ಟಾಪಿನಲ್ಲಿ ಎಲ್ಲ ಸರಿಯಾಗಿಯೇ ಕಾಣುವುದರಿಂದ ಇದು ಟಾಕೀಸಿನಲ್ಲಿ ಓಡಿಸುವವರೆಗೂ ಗೊತ್ತಾಗುವುದಿಲ್ಲ. ಖಾತ್ರಿಯ ಮದ್ದು: ಅಕ್ಷರವನ್ನು ಚಿತ್ರದೊಳಗೇ ಅಚ್ಚು ಹಾಕಿಬಿಡುವುದು. ಡಿಸಿಪಿ-ಒ-ಮ್ಯಾಟಿಕ್ ಎಂಬ ಉಚಿತ ತಂತ್ರಾಂಶ ಇದನ್ನು ಮಾಡುತ್ತದೆ. ಸಾಧಾರಣ ಕಂಪ್ಯೂಟರಿನಲ್ಲಿ ಎರಡು ತಾಸಿನ ಸಿನಿಮಾಕ್ಕೆ ಒಂದು ಇಡೀ ರಾತ್ರಿ ಹಿಡಿಯುತ್ತದೆ ಅಂತಲೇ ಲೆಕ್ಕ ಹಾಕಿ. ಅದಕ್ಕೇ ಮೊದಲು ಐದು ನಿಮಿಷದ ತುಂಡು ಮಾಡಿ ಪರೀಕ್ಷಿಸಬೇಕು. ಆ ತುಂಡಿನಲ್ಲಿ ಕೆಟ್ಟ ಒತ್ತಕ್ಷರಗಳೆಲ್ಲ ಇರಲಿ.

ಫಾಂಟ್ ನೋಟೊ ಸ್ಯಾನ್ಸ್ ಕನ್ನಡದ ದಪ್ಪ ಅಕ್ಷರವಿರಲಿ, ಸುತ್ತ ಕಪ್ಪು ಅಂಚಿರಲಿ. ತುಂಗಾದಂಥ ತೆಳು ಅಕ್ಷರ ಹಿಮದ ದೃಶ್ಯದಲ್ಲಿ ಕರಗಿಹೋಗುತ್ತದೆ. ಸಾಲುಗಳ ನಡುವಿನ ಜಾಗ ಇಂಗ್ಲಿಷಿಗಿಂತ ಹೆಚ್ಚು ಬೇಕು. ಇಲ್ಲವಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿದು, ಎರಡನೇ ಸಾಲಿನ ‘ನನಗೆ’ ಎನ್ನುವುದಕ್ಕೂ ಎಲ್ಲಿಂದಲೋ ಒಂದು ಒತ್ತು ಬಂದು ಕೂತಂತೆ ಕಾಣುತ್ತದೆ.

ಬೀಗವಿರುವ ಡಿಸಿಪಿಯಲ್ಲಿ ಅಚ್ಚು ಹಾಕಲಾಗದು. ವಿತರಕರು ಬೀಗವಿಲ್ಲದ ಪ್ರತಿ ಕೊಡದಿದ್ದರೆ ಪರದೆಯ ಕೆಳಗೆ 20 ಅಡಿ ಉದ್ದ, ಒಂದೂವರೆ ಅಡಿ ಅಗಲದ ಬಿಳಿ ಬಟ್ಟೆ ಕಟ್ಟಿ, ಸಣ್ಣ ಪ್ರೊಜೆಕ್ಟರಿನಿಂದ ಸಾಲುಗಳನ್ನು ಅದರ ಮೇಲೆ ಬಿಡಬಹುದು. ಆಫೀಸಿನಲ್ಲಿ ಬಳಸುವ ಪ್ರೊಜೆಕ್ಟರು 20 ಅಡಿ ಅಗಲ ಚೆಲ್ಲಲು 30ರಿಂದ 40 ಅಡಿ ದೂರ ಸಾಕು, ಅಂದರೆ ಅದು ಜನರ ನಡುವೆಯೇ ಕೂರಬೇಕು. ಅದರ ‘ಕಪ್ಪು’ ನಿಜವಾದ ಕಪ್ಪಲ್ಲ, ಬೂದಿ ಬೆಳಕು; ಬಟ್ಟೆಯ ಪಟ್ಟಿ ಬಿಟ್ಟು ಉಳಿದ ಬೆಳಕನ್ನು ಲೆನ್ಸಿನ ಮುಂದೆ ರಟ್ಟು ಇಟ್ಟು ತಡೆಯದಿದ್ದರೆ ಸಿನಿಮಾದ ರಾತ್ರಿಗಳೆಲ್ಲ ಮಬ್ಬಾಗುತ್ತವೆ. ಸಾಲು ಬದಲಿಸಲು ಸಾವಿರ ಸಲ ಗುಂಡಿ ಒತ್ತುವ ಒಬ್ಬರು ಬೇಕು, ಅವರು ಅದೇ ಸಿನಿಮಾವನ್ನು ಮೂರು ಸಲವಾದರೂ ನೋಡಿರಬೇಕು.

ಈಗ ಮತ್ತೆ ಕ್ಯಾಬಿನ್ನಿಗೆ. ನಮ್ಮ ಕಡೆಯ ಪರದೆಗಳು ಸ್ಕೋಪಿಗೆ ಕಟ್ಟಿದವು: ಎತ್ತರ ಒಂದಾದರೆ ಅಗಲ 2.39. ಎಷ್ಟೋ ಪರದೇಶದ ಸಿನಿಮಾಗಳು 1.85ರವು, ಹಳೆಯವು 1.37ರವು. ಪರದೆ ತುಂಬಲಿ ಅಂತ ಆಪರೇಟರ್ ಝೂಮ್ ಎಳೆದರೆ 1.85ರ ಚಿತ್ರದಲ್ಲಿ ಶೇ. 22ರಷ್ಟು ಎತ್ತರ ಕತ್ತರಿಸಿಹೋಗುತ್ತದೆ, ಮೇಲೆ ಹನ್ನೊಂದು, ಕೆಳಗೆ ಹನ್ನೊಂದು. ಸಬ್‌ಟೈಟಲ್ ಕೂರುವುದು ಸರಿಯಾಗಿ ಆ ಕೆಳಗಿನ ಹನ್ನೊಂದರಲ್ಲಿ. 1.37ರದಾದರೆ ಶೇ. 43 ಹೋಗುತ್ತದೆ, ನಿಂತವರಿಗೆಲ್ಲ ತಲೆ ಇರುವುದಿಲ್ಲ. ಆಪರೇಟರ್ ತಪ್ಪೇನೂ ಅಲ್ಲ. ಪಕ್ಕದಲ್ಲಿ ಬಿಳಿ ಜಾಗ ಉಳಿದರೆ ‘ಪಿಚ್ಚರ್ ಸಣ್ಣದ ಬಿಟ್ಟಾರ’ ಅಂತ ಬೈಸಿಕೊಳ್ಳುವವರು ಅವರೇ. ಡಿಸಿಪಿ ನಮ್ಮದೇ ಆದರೆ 1.85ರ ಚಿತ್ರವನ್ನು ಸ್ಕೋಪ್ ಚೌಕಟ್ಟಿನೊಳಗೇ ಕೂರಿಸಿಬಿಡುತ್ತೇವೆ: 2048 ಅಗಲ, 858 ಎತ್ತರದ ಚೌಕಟ್ಟಿನಲ್ಲಿ 1587 ಅಗಲದ ಚಿತ್ರ, ಎರಡೂ ಬದಿ ಕಪ್ಪು. ಸ್ವಲ್ಪ ನಯ ಕಡಿಮೆಯಾಗುತ್ತದೆ, ಆದರೆ ಲೆನ್ಸ್ ಯಾರೂ ಮುಟ್ಟಬೇಕಿಲ್ಲ. ಶುದ್ಧವಾದಿಗಳು ಒಪ್ಪುವುದಿಲ್ಲ, ಅವರು ಕೈಯಿಂದ ತಿರುಗಿಸುವ ಝೂಮಿನ ಜೊತೆ ಒಂದು ಬೆಳಗ್ಗೆ ಕಳೆದು ನೋಡಲಿ.

ಟಾಕೀಸಿನ ನೆಲದ ಇಳಿಜಾರು ಕಡಿಮೆ, ಮುಂದಿನವರ ತಲೆ ಕೆಳಗಿನ ಸಾಲಿಗೆ ಅಡ್ಡ. 40 ಅಡಿ ಅಗಲದ ಪರದೆಯಲ್ಲಿ ಸ್ಕೋಪ್ ಚಿತ್ರದ ಎತ್ತರ ಹದಿನೇಳು ಅಡಿಗೆ ತುಸು ಕಡಿಮೆ, ಶೇ. 1 ಅಂದರೆ ಎರಡು ಇಂಚು. ಸಾಲುಗಳನ್ನು ಶೇ. 5 ಮೇಲೆತ್ತಿದರೆ ಹತ್ತು ಇಂಚು ಏರುತ್ತದೆ, ಒಂದು ತಲೆಯಷ್ಟು. ಇನ್ನೊಂದು ಕಾರಣಕ್ಕೂ ಎತ್ತಬೇಕಾಗುತ್ತದೆ. ಸೇದುವ ದೃಶ್ಯದಲ್ಲಿ ಧೂಮಪಾನದ ವಿರುದ್ಧದ ಎಚ್ಚರಿಕೆ ಪರದೆಯ ಕೆಳಭಾಗದಲ್ಲೇ ಇರಬೇಕೆಂದು ನಿಯಮ. ಫ್ರೆಂಚ್ ಸಿನಿಮಾದಲ್ಲಿ ಸೇದದೆ ಮಾತಾಡುವವರು ಎಷ್ಟು ಜನ?

ಶಬ್ದದಲ್ಲಿ ಒಂದನ್ನು ಮರೆಯದೆ ನೋಡಿ: ನಡುವಿನ ಸ್ಪೀಕರ್. ಹಾಡು, ಹೊಡೆದಾಟ ಎಲ್ಲ ಕಡೆಯಿಂದ ಕಿವಿ ತುಂಬುವ ಸಿನಿಮಾದಲ್ಲಿ ಅದರ ಮೇಲ್ಧ್ವನಿಯ ಡ್ರೈವರ್ ಸುಟ್ಟಿದ್ದರೂ ವರ್ಷಗಟ್ಟಲೆ ಗೊತ್ತಾಗುವುದಿಲ್ಲ. ಮೆಲುಮಾತಿನ ಸಿನಿಮಾ ಹಾಕಿದ ದಿನ ಎಲ್ಲರೂ ಕಂಬಳಿ ಹೊದ್ದು ಮಾತಾಡಿದಂತೆ ಕೇಳುತ್ತದೆ. ಶಬ್ದದ ಮಟ್ಟ ಏರಿಳಿಸುವ ಫೇಡರ್ ಅನ್ನು ದಿನದ ಮಟ್ಟಕ್ಕೆ ಬಿಡದೆ ಈ ಸಿನಿಮಾಕ್ಕೆ ಬೇರೆ ಗುರುತು ಹಾಕಿಸಿ, ಫ್ಯಾನುಗಳನ್ನು ಓಡಿಸಿಯೇ ಕೇಳಿ. ಏಪ್ರಿಲಿನಲ್ಲಿ ಫ್ಯಾನ್ ಆರಿಸಿ ಮೌನವನ್ನು ಸವಿಯಿರಿ ಅಂದರೆ ಯಾರೂ ಕೂರುವುದಿಲ್ಲ.

ಕರೆಂಟ್ ಹೋದರೆ ಸರ್ವರಿಗೆ ಯುಪಿಎಸ್ ಇರಬೇಕು. ಪ್ರೊಜೆಕ್ಟರಿನ ಝೆನಾನ್ ದೀಪವನ್ನು ಯುಪಿಎಸ್ ಎಳೆಯುವುದಿಲ್ಲ. ಜನರೇಟರ್ ಬಂದ ಕೂಡಲೇ ಬಿಸಿ ದೀಪವನ್ನು ಹೊತ್ತಿಸಿದರೆ ಅದರ ಆಯುಷ್ಯಕ್ಕೆ ಪೆಟ್ಟು ಬೀಳಬಹುದು, ತಣ್ಣಗಾಗಲು ಹತ್ತು ನಿಮಿಷ ಬಿಡುವುದು ಕ್ಷೇಮ. ಆ ಹತ್ತು ನಿಮಿಷವೇ ಇಂಟರ್‌ವಲ್ ಆಗಿಬಿಟ್ಟರೆ ಕ್ಯಾಂಟೀನಿನವರಿಗೂ ಸಮಾಧಾನ. ಇಲ್ಲದಿದ್ದರೆ ಇಂಟರ್‌ವಲ್ ಎಲ್ಲಿ ಎನ್ನುವುದನ್ನು ನಾವೇ ನಿರ್ಧರಿಸಿ, ಪ್ಲೇಲಿಸ್ಟಿನಲ್ಲಿ ನಿಮಿಷ-ಸೆಕೆಂಡ್ ಬರೆದು ನಿಲ್ಲಿಸುವ ಸೂಚನೆ ಹಾಕಿಸಬೇಕು. ಆಪರೇಟರ್ ಮೇಲೆ ಬಿಟ್ಟರೆ ಗಡಿಯಾರ ನೋಡಿ ವಾಕ್ಯದ ನಡುವೆ ನಿಲ್ಲಿಸುತ್ತಾರೆ.

ಹನ್ನೊಂದರ ದಿನದ ಆಟಕ್ಕೆ ಮುಂಚೆ ಟಾಕೀಸು ಬಾಡಿಗೆಗೆ ಸಿಗುವುದರಿಂದ ಎಂಟೂವರೆಗೆ ಶುರು, ಹತ್ತೂಮುಕ್ಕಾಲರೊಳಗೆ ಖಾಲಿ. ಪೂರ್ವಕ್ಕೆ ಬಾಗಿಲಿದ್ದರೆ ಆ ಹೊತ್ತಿನ ಬಿಸಿಲು ನೇರ ಪರದೆಗೆ ಬೀಳುತ್ತದೆ. ಸೆಕೆಂಡ್ ಶೋ ಆದ ಮೇಲೆ ಮಾಡಿದ ಪರೀಕ್ಷೆಯಲ್ಲಿ ಇದು ಗೊತ್ತಾಗುವುದಿಲ್ಲ. ಕಪ್ಪು ಪರದೆಯ ಬಟ್ಟೆ, ನಾಲ್ಕು ಮೊಳೆ, ತಡವಾಗಿ ಬಂದವರನ್ನು ಪಶ್ಚಿಮದ ಬಾಗಿಲಿನಿಂದ ಬಿಡಲು ಒಬ್ಬರು.

ಆಟ ನಡೆಯುವಾಗ ನಮ್ಮಲ್ಲೊಬ್ಬರು ಹಿಂದಿನ ಸಾಲಿನಲ್ಲಿ ಗಡಿಯಾರ, ನೋಟುಬುಕ್ಕು ಹಿಡಿದು ಕೂರುತ್ತಾರೆ. ನಟ ಬಾಯಿ ತೆರೆಯುವ ಮೊದಲೇ ಜನ ನಕ್ಕರೆ ಆ ಸಬ್‌ಟೈಟಲ್ ಬೇಗ ಬಂದಿದೆ ಅಂತ ಅರ್ಥ. 12 ಚೌಕಟ್ಟು, ಅಂದರೆ ಅರ್ಧ ಸೆಕೆಂಡು, ತಡವಾಗಿ ಬರುವಂತೆ ಸರಿಸಬೇಕು. ಪಕ್ಕದವರಿಗೆ ‘ಏನಂದ?’ ಅಂತ ಕೇಳಿದ ಕಡೆ ಸಾಲು ಉದ್ದವಾಗಿದೆ. ಗಂಗಾವತಿಗೋ ಸಿಂಧನೂರಿಗೋ ಮುಂದೆ ಹೋಗುವ ಪ್ರತಿ ಈ ನೋಟುಬುಕ್ಕಿನ ತಿದ್ದುಪಡಿ ಆದಮೇಲಿನದು.